ಸ್ಟ್ರಾಂಗ್ ಏಲ್‌ಗೆ ಒಂದು ಪ್ಯಾಕೆಟ್ ಯೀಸ್ಟ್ ಸಾಕಾ?

ಮನೆಯಲ್ಲಿ ಮಾಡುವ 20 ಲೀಟರ್ ಡಾರ್ಕ್ ಏಲ್ (ಒಂದು ಬಗೆಯ ಬಿಯರ್), ಶುರುವಿನ ಗ್ರ್ಯಾವಿಟಿ (ಹುದುಗುವ ಮುಂಚೆ ಸಕ್ಕರೆ ಎಷ್ಟಿದೆ ಅಂತ ತೋರಿಸುವ ಸಾಂದ್ರತೆ) 1.090, 11 ಗ್ರಾಂನ ಒಂದು ಪ್ಯಾಕೆಟ್ ಒಣ ಯೀಸ್ಟ್ ಸಾಕಾ ಅಂತ ಕೇಳಿದ್ದೀರಿ. ಸಾಲದು, ಎರಡು ಹಾಕಿ. ಯೀಸ್ಟ್ ಕಮ್ಮಿಯಾದರೆ ಹುದುಗು ಅರ್ಧಕ್ಕೇ ನಿಂತು, ಏಲ್ ಸಿಹಿಯಾಗಿಯೇ ಉಳಿದುಬಿಡಬಹುದು.

ನಿಮ್ಮದು ಸುಮಾರು 9% ಆಲ್ಕೋಹಾಲ್‌ವರೆಗೆ ಹೋಗುತ್ತದೆ, ಹಾಗಾಗಿ ಅದನ್ನು ತಡೆದುಕೊಳ್ಳುವ ಯೀಸ್ಟ್ ತಳಿಯೇ ಬೇಕು. ನಾನಾದರೆ ನಾಟಿಂಗ್‌ಹ್ಯಾಮ್ ಅನ್ನೋ ಒಣ ಯೀಸ್ಟ್ ತಗೊಳ್ತೀನಿ. ಹುರಿದ ಮಾಲ್ಟ್‌ನ ರುಚಿಗೆ ಅಡ್ಡ ಬರುವುದಿಲ್ಲ, ತಳಕ್ಕೂ ಚೆನ್ನಾಗಿ ಕೂರುತ್ತದೆ.

ಇಷ್ಟು ಗಟ್ಟಿ ವರ್ಟ್‌ಗೆ (ಹುದುಗುವ ಮುಂಚಿನ ಸಿಹಿ ಮಾಲ್ಟ್ ರಸಕ್ಕೆ) ಒಣ ಯೀಸ್ಟನ್ನು ನೇರ ಉದುರಿಸದಿದ್ದರೆ ಒಳ್ಳೆಯದು. ಕುದಿಸಿ ಆರಿಸಿದ ನೀರು 220 ಮಿಲಿ, ಬಿಸಿ 30–35 ಡಿಗ್ರಿ ಇರಲಿ. ಮೇಲೆ ಯೀಸ್ಟ್ ಉದುರಿಸಿ 15 ನಿಮಿಷ ಸುಮ್ನೆ ಬಿಡಿ, ಕಲಕಬೇಡಿ. ಆಮೇಲೆ ನಿಧಾನಕ್ಕೆ ಕಲಕಿದರೆ ತೆಳು ಗಂಜಿಯ ಹಾಗೆ ಆಗುತ್ತದೆ. ಅದಕ್ಕೆ ಸ್ವಲ್ಪ ಸ್ವಲ್ಪವೇ ವರ್ಟ್ ಬೆರೆಸಿ ತಣಿಸಿ. ಬಿಸಿಯದನ್ನು ಒಮ್ಮೆಲೇ ತಣ್ಣನೆಯ ವರ್ಟ್‌ಗೆ ಸುರಿದರೆ ಯೀಸ್ಟ್‌ಗೆ ಪೆಟ್ಟು.

ಒಣ ಯೀಸ್ಟ್‌ಗೆ ಸ್ಟಾರ್ಟರ್ (ಯೀಸ್ಟನ್ನು ಮೊದಲೇ ಸ್ವಲ್ಪ ವರ್ಟ್‌ನಲ್ಲಿ ಬೆಳೆಸಿಕೊಳ್ಳುವುದು) ಬೇಡ, ಅದು ದ್ರವ ಯೀಸ್ಟ್‌ಗೆ.

ಮೊದಲ ಮೂರ್ನಾಲ್ಕು ದಿನ 18 ಡಿಗ್ರಿ ದಾಟಲು ಬಿಡಬೇಡಿ. ನೊರೆ ಜಾಸ್ತಿ ಉಕ್ಕುತ್ತದೆ, ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಸಣ್ಣ ಸಾಧನ) ಬದಲು ದಪ್ಪ ಪೈಪ್ ಹಾಕಿ. ಇಲ್ಲಾಂದ್ರೆ ಗೋಡೆ ಒರೆಸೋ ಕೆಲಸ ನಿಮ್ಮದೇ!