ಹಳೆಯ ಪೆಟ್ರೋಲ್ ಫರ್ಗ್ಯೂಸನ್ ಟ್ರ್ಯಾಕ್ಟರ್‌ಗೆ ಯಾವ ಕಾರ್ಬುರೇಟರ್ ಕೂರಿಸಬೇಕು?

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹೊಸದೋ, ಹಳೆಯ ಜೀಪಿನದೋ, ಇಂಗ್ಲೆಂಡಿನಿಂದ ತರಿಸುವುದೋ ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ಪಾಂಡವಪುರದ ಬಳಿ, ನಮ್ಮ ತಾತ ಬಿಟ್ಟುಹೋದ ಫರ್ಗ್ಯೂಸನ್ ಟಿಇ-20ರ ಮುಂದೆ ಕುಳಿತು ನಾನೂ ಇದೇ ಲೆಕ್ಕ ಹಾಕುತ್ತಿದ್ದೆ.

ಅದರಲ್ಲಿದ್ದ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಜೆನಿತ್ ಕಂಪನಿಯ ಕಾರ್ಬುರೇಟರಿನ ಥ್ರಾಟಲ್ ಕಡ್ಡಿ (ಆ ಮಿಶ್ರಣವನ್ನು ಹೆಚ್ಚು-ಕಡಿಮೆ ಮಾಡುವ ಬಿಲ್ಲೆ ತಿರುಗುವ ಕಡ್ಡಿ) ಸವೆದು ಅಲುಗಾಡುತ್ತಿತ್ತು, ತಳದಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು, ಗಾಡಿ ನಿಂತಲ್ಲೇ ಎಂಜಿನ್ನಿನ ವೇಗ ಏರಿಳಿಯುತ್ತಿತ್ತು. ರಿಪೇರಿಗಿಂತ ಹೊಸದೇ ಮೇಲೆಂದು ಮೈಸೂರಿನ ಬಿಡಿಭಾಗಗಳ ಅಂಗಡಿಯೊಂದಕ್ಕೆ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ. ಅಂಗಡಿಯವರು ತೋರಿಸಿದ್ದು ಅದರಂತೆಯೇ ಕೆಳಗಿನಿಂದ ಮೇಲಕ್ಕೆ ಗಾಳಿ ಎಳೆಯುವ ಮಾದರಿ; ಬೋಲ್ಟಿನ ತೂತುಗಳ ಅಂತರವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹೊಂದಿಕೊಂಡಿತು. ಯಾವ ಎಂಜಿನ್ನಿಗೆ ಮಾಡಿದ್ದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ತಪ್ಪು ಇದೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಆ ಟ್ರ್ಯಾಕ್ಟರಿನಲ್ಲಿ ಪೆಟ್ರೋಲ್ ಪಂಪ್ ಇಲ್ಲ. ಎಂಜಿನ್ನಿನ ಮೇಲಿರುವ ಟ್ಯಾಂಕಿನಿಂದ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ಸುಮಾರು ಎರಡಡಿ ಇಳಿತದಿಂದ ಹುಟ್ಟುವ ಒತ್ತಡ, ಟೈರಿನ ಗಾಳಿ ಅಳೆಯುವ ಲೆಕ್ಕದಲ್ಲಿ, ಒಂದು ಪಿಎಸ್‌ಐಗೂ ಕಡಿಮೆ. ಪಂಪಿರುವ ಎಂಜಿನ್ನಿನಲ್ಲಾದರೆ ಅದರ ಹಲವು ಪಟ್ಟು ಒತ್ತಡವಿರುತ್ತದೆ, ಹಾಗಾಗಿ ಅಂಥ ಕಾರ್ಬುರೇಟರಿನ ಬಟ್ಟಲಿಗೆ ಪೆಟ್ರೋಲ್ ಬಿಡುವ ಸೂಜಿ ವಾಲ್ವಿನ ತೂತನ್ನು ಸಣ್ಣದಾಗಿ ಕೊರೆದಿರುತ್ತಾರೆ. ನಾನು ತಂದದ್ದು ಅಂಥದ್ದು. ಹೊರಗಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ, ಅಂಗಳದಲ್ಲಿ ಓಡಿಸಿದರೂ ಗೊತ್ತಾಗುವುದಿಲ್ಲ, ಏಕೆಂದರೆ ಭಾರವಿಲ್ಲದ ಎಂಜಿನ್ನಿಗೆ ಅಷ್ಟು ಪೆಟ್ರೋಲ್ ಸಾಕು.

ಕಬ್ಬು ಕಡಿದ ಗದ್ದೆಗೆ ನೇಗಿಲು ಇಳಿಸಿದಾಗ ಎರಡನೆಯ ಸಾಲಿನ ಕೊನೆಗೆ ಗಾಡಿ ಕೆಮ್ಮಿ ನಿಂತಿತು. ಐದು ನಿಮಿಷ ಬಿಟ್ಟರೆ ಮತ್ತೆ ಚಾಲೂ ಆಗುತ್ತಿತ್ತು. ಪ್ಲಗ್ಗಿಗೆ ಕಿಡಿ ಒದಗಿಸುವ ಕಾಯಿಲ್ ಕಾದು ಕೈಕೊಟ್ಟಾಗಲೂ ಲಕ್ಷಣ ಇದೇ ಆಗಿರುವುದರಿಂದ ನಾನು ಕಾಯಿಲ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ, ನಾಲ್ಕು ಪ್ಲಗ್ಗುಗಳನ್ನೂ ಬದಲಿಸಿದೆ. ಗಾಳಿ ತಗ್ಗಿಸುವ ಚೋಕ್ ಅರ್ಧ ಎಳೆದುಕೊಂಡೇ ಒಂದು ಹಂಗಾಮು ಉಳುಮೆ ಮುಗಿಸಿದೆ. ಪೆಟ್ರೋಲ್ ಸಾಲದೆ ಗಾಳಿಯೇ ಹೆಚ್ಚಾಗಿ ಕಾದ ಎಂಜಿನ್ನಿನಲ್ಲಿ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸುಟ್ಟು ಹೋಯಿತು. ಹೆಡ್ ಬಿಚ್ಚಿಸಿ ಸೀಟ್ ಕಡೆಸಲು ತೆತ್ತ ಹಣ ಕಾರ್ಬುರೇಟರಿನ ಬೆಲೆಯ ಮೂರರಷ್ಟಾಯಿತು.

ಕೊನೆಗೆ ಮಂಡ್ಯದಿಂದ ಬಂದ ವಯಸ್ಸಾದ ಮೇಸ್ತ್ರಿಯೊಬ್ಬರು ಬಟ್ಟಲಿನ ತಳದ ಪ್ಲಗ್ ಬಿಚ್ಚಿ ಕೆಳಗೊಂದು ಚೊಂಬು ಹಿಡಿದರು. ಮೊದಲು ಧಾರಾಳವಾಗಿ ಸುರಿದ ಪೆಟ್ರೋಲ್, ಬಟ್ಟಲು ಬರಿದಾದೊಡನೆ ದಾರದಷ್ಟು ಸಣ್ಣಗಾಯಿತು. ಹಳೆಯ ಕಾರ್ಬುರೇಟರಿನ ಸೂಜಿ ಸೀಟನ್ನು, ಅಂದರೆ ಸೂಜಿ ವಾಲ್ವ್ ಕೂರುವ ತೂತಿನ ತುಣುಕನ್ನು, ಬಿಚ್ಚಿ ಅದರೊಳಗೆ ಪೊರಕೆಯ ತೆಂಗಿನ ಕಡ್ಡಿ ತೂರಿಸಿದರು, ಸಲೀಸಾಗಿ ಹೋಯಿತು. ಹೊಸದರ ಸೀಟಿನಲ್ಲಿ ಅದೇ ಕಡ್ಡಿಯ ತುದಿಯೂ ಇಳಿಯಲಿಲ್ಲ. "ಗಾಡಿ ಬಾಯಾರಿ ಸಾಯ್ತಾ ಅದೆ ಸ್ವಾಮಿ, ನೀವು ಕಿಡಿ ಹುಡುಕ್ಕೊಂಡು ಕೂತಿದೀರಲ್ಲ" ಎಂದರು.

ಆದ್ದರಿಂದ ನಿಮ್ಮ ಮೂರು ಆಯ್ಕೆಗಳಲ್ಲಿ ಒಂದನ್ನೂ ನಾನು ಹೇಳಲಾರೆ. ಜೀಪಿನದಂತೂ ಬೇಡವೇ ಬೇಡ. ಅದು ಮೇಲಿನಿಂದ ಕೆಳಕ್ಕೆ ಎಳೆಯುವ, ಪಂಪನ್ನು ನಂಬಿದ ಜಾತಿ. ನಿಮ್ಮದನ್ನೇ ರಿಪೇರಿ ಮಾಡಿಸಿ. ಲೇತ್ ಕೆಲಸದವರಿಂದ ಥ್ರಾಟಲ್ ಕಡ್ಡಿಗೆ ಕಂಚಿನ ಬುಷ್ ಹಾಕಿಸಿದರೆ ಅಲ್ಲಿಂದ ನುಸುಳುವ ಗಾಳಿ ನಿಲ್ಲುತ್ತದೆ, ನಮ್ಮದರ ಏರಿಳಿತ ಅಷ್ಟರಲ್ಲೇ ಹೋಯಿತು. ಗ್ಯಾಸ್ಕೆಟ್, ಸೂಜಿ, ಸೀಟುಗಳನ್ನು ಮಾತ್ರ ಹೊಸದಾಗಿ ಹಾಕಿ, ಅವೂ ಎಥನಾಲ್ (ಕಬ್ಬಿನಿಂದಲೂ ತೆಗೆಯುವ ಮದ್ಯಸಾರ) ತಡೆಯುವಂಥವಾಗಿರಲಿ. ಬಂಕಿನಲ್ಲಿ ಈಗ ಸಿಗುವುದು ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ನಾವು ಬೆಳೆದ ಕಬ್ಬೇ ತಿರುಗಿ ಬಂದು ನಮ್ಮ ಹಳೆಯ ರಬ್ಬರನ್ನು ತಿನ್ನುತ್ತದೆ.

ಬಿಡಿಭಾಗ ಕೊಳ್ಳುವ ಮೊದಲು ಟ್ರ್ಯಾಕ್ಟರಿನ ಡ್ಯಾಶಿನ ಮೇಲಿರುವ ನಂಬರ್ ಫಲಕವನ್ನು ಉಜ್ಜಿ ಓದಿ. ಟಿಇಎ ಎಂದಿದ್ದರೆ ಸ್ಟ್ಯಾಂಡರ್ಡ್ ಪೆಟ್ರೋಲ್ ಎಂಜಿನ್. ಟಿಇಡಿ ಎಂದಿದ್ದರೆ ಅದು ಸೀಮೆಎಣ್ಣೆಯಂಥ ಇಂಧನಕ್ಕೆ ಮಾಡಿದ, ಕಂಪ್ರೆಶನ್ ಕಡಿಮೆಯಿರುವ ಎಂಜಿನ್, ಅದರ ಜೆಟ್ (ಇಂಧನ ಚಿಮ್ಮುವ ಸಣ್ಣ ತೂತು) ಲೆಕ್ಕವೇ ಬೇರೆ. ಜೋಡಿಸಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಬೀಡಿ ಸೇದುವವರನ್ನು ದೂರ ಕಳಿಸಿ, ಆ ಚೊಂಬಿನ ಪರೀಕ್ಷೆ ಮಾಡಿ: ಎರಡು ನಿಮಿಷದೊಳಗೆ ಅರ್ಧ ಲೀಟರ್ ಇಳಿಯಬೇಕು. ಇಳಿಯದಿದ್ದರೆ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿತೂತನ್ನು ನೋಡಿ, ಅದು ಕಟ್ಟಿಕೊಂಡರೂ ಇದೇ ಗತಿ.

ಹಳೆಯ ಕಾರ್ಬುರೇಟರನ್ನು ಈಗಾಗಲೇ ಗುಜರಿಗೆ ಹಾಕಿದ್ದರೆ, ಉಳಿದದ್ದೆಲ್ಲ ಬಿಟ್ಟು ಇವತ್ತೇ ಅಲ್ಲಿಗೆ ಹೋಗಿ.