ಕ್ಯಾಂಪ್ ಲೆಜೂನ್ ನೀರು: ಗಡುವು ಮುಗಿದದ್ದು ಯಾವುದಕ್ಕೆ, ಮುಗಿಯದ್ದು ಯಾವುದಕ್ಕೆ?

ನಾರ್ತ್ ಕ್ಯಾರೊಲಿನಾದಲ್ಲಿರುವ ಮರೀನ್ ಪಡೆಯ ನೆಲೆ ಕ್ಯಾಂಪ್ ಲೆಜೂನ್‌ನಲ್ಲಿ ಮತ್ತು ಅಮೆರಿಕದ ಇತರ ಸೇನಾ ನೆಲೆಗಳಲ್ಲಿ ವಿಷ ಬೆರೆತ ನೀರು ಬಳಸಿದವರಿಗೆ ಸಿಗುವ ಪರಿಹಾರದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಉತ್ತರಿಸಿದವರು ನಾರ್ತ್ ಕ್ಯಾರೊಲಿನಾದಲ್ಲಿ ಮಾಜಿ ಸೈನಿಕರ ಕ್ಲೇಮ್ ಅರ್ಜಿಗಳನ್ನು ನೋಡಿಕೊಳ್ಳುವ ಕನ್ನಡಿಗ ಪ್ರತಿನಿಧಿ.

ಪ್ರಶ್ನೆ: ನನ್ನ ತಂದೆ ಡಾಕ್ಟರ್. 1976ರಿಂದ 78ರವರೆಗೆ ಅಮೆರಿಕದ ನೌಕಾಪಡೆಯ ವೈದ್ಯಾಧಿಕಾರಿಯಾಗಿ ಕ್ಯಾಂಪ್ ಲೆಜೂನ್‌ನ ಆಸ್ಪತ್ರೆಯಲ್ಲಿದ್ದರು. ಆಮೇಲೆ ಊರಿಗೆ ಬಂದು ನೆಲೆಸಿದರು. 2015ರಿಂದ ಪಾರ್ಕಿನ್ಸನ್ ಕಾಯಿಲೆ ಇದೆ. ಗಡುವು 2024ಕ್ಕೇ ಮುಗಿಯಿತು ಎಂದು ಅಮೆರಿಕದಲ್ಲಿರುವ ಅಣ್ಣ ಹೇಳುತ್ತಾನೆ. ಅಪ್ಪ ಬೇರೆ ಯಾವಾಗಲೂ ಕಾಯಿಸಿ ಆರಿಸಿದ ನೀರನ್ನೇ ಕುಡಿಯುತ್ತಿದ್ದವರು. ನಮಗೆ ಏನಾದರೂ ಸಿಗುತ್ತದೆಯೇ? (ಮೈಸೂರು)

ಸಿಗುತ್ತದೆ. ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ವಿಷಯ. 2022ರ ಆಗಸ್ಟ್ 10ರಂದು, ಸೇವೆಯಲ್ಲಿ ವಿಷವಸ್ತುಗಳ ಸಂಪರ್ಕಕ್ಕೆ ಬಂದ ಮಾಜಿ ಸೈನಿಕರಿಗಾಗಿ ಪ್ಯಾಕ್ಟ್ ಕಾಯ್ದೆ ಜಾರಿಗೆ ಬಂತು. ಕ್ಯಾಂಪ್ ಲೆಜೂನ್‌ನಲ್ಲಿ ಇದ್ದವರು ಸರ್ಕಾರದ ಮೇಲೆಯೇ ದಾವೆ ಹೂಡಬಹುದು ಎಂದು ಅದರ ಒಂದು ಭಾಗ ಹೇಳಿತು. ಅದಕ್ಕೆ ಕೊಟ್ಟಿದ್ದು ಎರಡೇ ವರ್ಷ. 2024ರ ಆಗಸ್ಟ್ 10ಕ್ಕೆ ಅದು ಮುಗಿಯಿತು. ಅಷ್ಟರಲ್ಲಿ ನೌಕಾಪಡೆಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದಿದ್ದವು. ಟಿವಿಯಲ್ಲಿ ಹಗಲು ರಾತ್ರಿ ವಕೀಲರ ಜಾಹೀರಾತು ಬರುತ್ತಿದ್ದುದು ಈ ದಾವೆಗಾಗಿ.

ಮಾಜಿ ಸೈನಿಕರ ಇಲಾಖೆ, ಅಂದರೆ ಎಲ್ಲರೂ ವಿಎ ಎನ್ನುವ ಇಲಾಖೆ, ಪ್ರತಿ ತಿಂಗಳು ಕೊಡುವ ಅಂಗವೈಕಲ್ಯ ಪರಿಹಾರಕ್ಕೂ ಆ ದಾವೆಗೂ ಸಂಬಂಧವಿಲ್ಲ. ಇದಕ್ಕೆ ಕೊನೆಯ ದಿನಾಂಕವೇ ಇಲ್ಲ. ಎರಡನ್ನೂ ಒಂದೇ ಅಂದುಕೊಂಡು ಸುಮ್ಮನೆ ಕೂತವರನ್ನು ಈಗಲೂ ನೋಡುತ್ತಿದ್ದೇನೆ.

ಇನ್ನು ಕಾಯಿಸಿದ ನೀರಿನ ಮಾತು. ನಮ್ಮವರು ಯಾರೇ ಬಂದರೂ ಇದನ್ನು ಕೇಳಿಯೇ ಕೇಳುತ್ತಾರೆ. ಅಲ್ಲಿ ಇದ್ದದ್ದು ಕುದಿಸಿದರೆ ಸಾಯುವ ರೋಗಾಣು ಅಲ್ಲ. ಯಂತ್ರದ ಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್, ಡ್ರೈ ಕ್ಲೀನಿಂಗ್‌ಗೆ ಬಳಸುವ ಪರ್ಕ್ಲೋರೋಎಥಿಲೀನ್, ಇಂಧನದಿಂದ ಬಂದ ಬೆಂಜೀನ್. ಹ್ಯಾಡ್ನಾಟ್ ಪಾಯಿಂಟ್ ಭಾಗದಲ್ಲಿ ನೆಲದೊಳಗಿನ ಟ್ಯಾಂಕುಗಳು ಸೋರಿದವು, ವರ್ಕ್‌ಶಾಪ್‌ಗಳ ತ್ಯಾಜ್ಯ ಇಂಗಿತು. ಟರಾವಾ ಟೆರೇಸ್ ಭಾಗಕ್ಕೆ ಬೇಸ್‌ನ ಹೊರಗಿದ್ದ ಒಂದು ಡ್ರೈ ಕ್ಲೀನಿಂಗ್ ಅಂಗಡಿಯಿಂದ ಬಂತು. ಇವು ಬೇಗ ಆವಿಯಾಗುವ ರಾಸಾಯನಿಕಗಳು. ನೀರು ಕಾಯಿಸಿದರೆ ಪಾತ್ರೆಯಿಂದ ಎದ್ದು ಅಡುಗೆಮನೆಯ ಗಾಳಿಗೆ ಸೇರುತ್ತವೆ. ಬಿಸಿನೀರಿನ ಸ್ನಾನ ಮಾಡಿದರೆ ಬಚ್ಚಲಿನ ಹಬೆಯಲ್ಲೇ ಉಸಿರಿಗೆ ಹೋಗುತ್ತವೆ, ಚರ್ಮಕ್ಕೂ ಇಳಿಯುತ್ತವೆ. 1982ರ ಮೇ ತಿಂಗಳಲ್ಲಿ ಹ್ಯಾಡ್ನಾಟ್ ಪಾಯಿಂಟ್‌ನ ನಲ್ಲಿ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ ಲೀಟರಿಗೆ 1,400 ಮೈಕ್ರೋಗ್ರಾಂ ಇತ್ತು. ಇವತ್ತಿನ ಮಿತಿ 5. ನೀರಿನಲ್ಲಿ ಏನೋ ಸರಿಯಿಲ್ಲ ಎಂದು ಲ್ಯಾಬ್‌ನವರು 1980ರಿಂದಲೇ ಬರೆಯುತ್ತಿದ್ದರು. ಕೆಟ್ಟ ಬಾವಿಗಳು ನಿಂತದ್ದು 1984ರ ಕೊನೆಯಿಂದ 85ರ ಫೆಬ್ರವರಿಯ ಹೊತ್ತಿಗೆ. ಇದನ್ನು ಓದಿದರೆ ಇವತ್ತಿಗೂ ಮೈ ಉರಿಯುತ್ತದೆ.

ಆದರೆ ಅರ್ಜಿಯಲ್ಲಿ ಇದ್ಯಾವುದನ್ನೂ ನೀವು ಸಾಬೀತು ಮಾಡಬೇಕಿಲ್ಲ. ಅದೇ ಮುಖ್ಯ. 2017ರ ಮಾರ್ಚ್ 14ರಿಂದ ಎಂಟು ಕಾಯಿಲೆಗಳಿಗೆ ‘ಇದು ಆ ನೀರಿನಿಂದಲೇ’ ಎಂದು ಇಲಾಖೆಯೇ ಒಪ್ಪಿಕೊಳ್ಳುತ್ತದೆ: ದೊಡ್ಡವರ ರಕ್ತ ಕ್ಯಾನ್ಸರ್, ಅಪ್ಲಾಸ್ಟಿಕ್ ಅನೀಮಿಯಾ ಮತ್ತು ಅಂಥದ್ದೇ ಮಜ್ಜೆಯ ಕಾಯಿಲೆಗಳು, ಮೂತ್ರಕೋಶ, ಕಿಡ್ನಿ, ಲಿವರ್ ಕ್ಯಾನ್ಸರ್‌ಗಳು, ಮಲ್ಟಿಪಲ್ ಮೈಲೋಮಾ, ನಾನ್ ಹಾಡ್‌ಕಿನ್ ಲಿಂಫೋಮಾ ಮತ್ತು ನಿಮ್ಮ ತಂದೆಯವರಿಗಿರುವ ಪಾರ್ಕಿನ್ಸನ್. 1953ರ ಆಗಸ್ಟ್ 1ರಿಂದ 1987ರ ಡಿಸೆಂಬರ್ 31ರ ಒಳಗೆ ಒಟ್ಟು 30 ದಿನ ಅಲ್ಲಿ ಸೇವೆಯಲ್ಲಿದ್ದರೆ ಸಾಕು. ಬಿಡಿಬಿಡಿಯಾಗಿ ಸೇರಿಸಿದರೂ ನಡೆಯುತ್ತದೆ. ಮರೀನ್ ಆಗಿರಬೇಕಿಲ್ಲ, ನೌಕಾಪಡೆಯ ಡಾಕ್ಟರಿಗೂ ಅನ್ವಯ. ಯಾವ ಕ್ವಾರ್ಟರ್ಸ್‌ನಲ್ಲಿದ್ದರು ಎಂದು ಕೇಳುವುದಿಲ್ಲ. ಅಪಕೀರ್ತಿಯ ಕಾರಣಕ್ಕೆ ವಜಾ ಆಗಿರಬಾರದು, ಅಷ್ಟೇ. ಅಮೆರಿಕದ ಪ್ರಜೆ ಆಗಿರಬೇಕು, ಅಲ್ಲೇ ವಾಸವಿರಬೇಕು ಎಂಬುದೂ ಇಲ್ಲ. ಭಾರತದಲ್ಲಿದ್ದರೂ ಹಣ ಬರುತ್ತದೆ.

ಹಾಗಾಗಿ ಬೇಕಾದ ಕಾಗದ ಎರಡೇ ಬಗೆಯದು: ಅಲ್ಲಿದ್ದರು ಎಂಬುದಕ್ಕೆ ಒಂದು, ಕಾಯಿಲೆ ಇದೆ ಎಂಬುದಕ್ಕೆ ಇನ್ನೊಂದು.

ಮೊದಲನೆಯದಕ್ಕೆ ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಡಿ-214 ಹುಡುಕಿ. ಅದರಲ್ಲಿ ಕ್ಯಾಂಪ್ ಲೆಜೂನ್ ಹೆಸರು ಇರದೆಯೂ ಇರಬಹುದು, ಏಕೆಂದರೆ ಸಾಮಾನ್ಯವಾಗಿ ಕೊನೆಯ ಪೋಸ್ಟಿಂಗ್ ಮಾತ್ರ ಅದರಲ್ಲಿರುತ್ತದೆ. ಆಗ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರದಿಂದ ಪೂರ್ತಿ ಸೇವಾ ಕಡತ ತರಿಸಬೇಕು. 1973ರ ಬೆಂಕಿಯಲ್ಲಿ ಅಲ್ಲಿ ಸುಟ್ಟುಹೋದದ್ದು ಭೂಸೇನೆ, ವಾಯುಪಡೆಯ ಹಳೆಯ ಕಡತಗಳು. ನಿಮ್ಮ ತಂದೆಯವರ ಸೇವೆ ಅದಾದ ಮೇಲಿನದು, ಅದೂ ನೌಕಾಪಡೆ. ಹೆದರಬೇಡಿ. ನಿಮ್ಮ ಅಣ್ಣ ಕ್ಯಾಂಪ್ ಲೆಜೂನ್‌ನಲ್ಲೇ ಹುಟ್ಟಿದ್ದರೆ ಅದು ಇರುವ ಆನ್ಸ್‌ಲೋ ಕೌಂಟಿಯ ಜನನ ಪತ್ರವೂ ಜೊತೆಗಿರಲಿ.

ಎರಡನೆಯದರಲ್ಲೇ ಭಾರತದಿಂದ ಬರುವ ಅರ್ಜಿಗಳು ಸೋಲುವುದು. ನಮ್ಮ ಡಾಕ್ಟರುಗಳ ಚೀಟಿಯಲ್ಲಿ ಒಂದೇ ಸಾಲು ಇರುತ್ತದೆ: ‘ಪಾರ್ಕಿನ್ಸನ್ಸ್. ಸಿಂಡೋಪಾ ಮುಂದುವರಿಸಿ. ಮೂರು ತಿಂಗಳು ಬಿಟ್ಟು ಬನ್ನಿ.’ ಕಾಯಿಲೆ ಇದೆ ಎಂದು ತೋರಿಸಲು ಇದು ಸಾಕಾಗಬಹುದು. ಅಂಗವೈಕಲ್ಯ ಎಷ್ಟು ಶೇಕಡಾ ಎಂದು ಲೆಕ್ಕ ಹಾಕಲು ಖಂಡಿತ ಸಾಲದು, ತಿಂಗಳ ಹಣ ನಿಂತಿರುವುದು ಆ ಶೇಕಡಾದ ಮೇಲೆ. ಪಾರ್ಕಿನ್ಸನ್‌ಗೆ ಕನಿಷ್ಠ ಶೇ 30 ಕೊಡಲೇಬೇಕು. ಅದಕ್ಕಿಂತ ಮೇಲೆ ಹೋಗುವುದು ಒಂದೊಂದು ತೊಂದರೆಯನ್ನೂ ಬೇರೆಬೇರೆಯಾಗಿ ಅಳೆದು ಕೂಡಿದಾಗ. ಬಲಗೈ ನಡುಕ ಎಷ್ಟು, ಎಡಗೈ ಎಷ್ಟು, ಕಾಲು ಎಳೆಯುತ್ತದೆಯೇ, ದನಿ ಕುಗ್ಗಿದೆಯೇ, ನುಂಗಲು ಕಷ್ಟವೇ, ವಾಸನೆ ತಿಳಿಯುತ್ತದೆಯೇ, ಮಲಬದ್ಧತೆ ಇದೆಯೇ, ಶರ್ಟಿನ ಗುಂಡಿ ತಾವೇ ಹಾಕಿಕೊಳ್ಳುತ್ತಾರೆಯೇ? ಇಷ್ಟನ್ನೂ ನರರೋಗ ತಜ್ಞರಿಂದ ಬರೆಸಿಕೊಳ್ಳಿ. ಕಾಯಿಲೆ ಮೊದಲು ಗೊತ್ತಾದ ದಿನಾಂಕವೂ ಇರಲಿ. 2025ರ ದರದಲ್ಲಿ ಒಂಟಿಯಾಗಿರುವವರಿಗೆ ಶೇ 30ಕ್ಕೆ ತಿಂಗಳಿಗೆ 537.42 ಡಾಲರ್, ಶೇ 100ಕ್ಕೆ 3,831.30 ಡಾಲರ್ ಇತ್ತು. ಹೆಂಡತಿ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಒಂದು ಸಾಲಿನ ಚೀಟಿಗೂ ಎರಡು ಪುಟದ ವರದಿಗೂ ಇರುವ ವ್ಯತ್ಯಾಸ ಗೊತ್ತಾಯಿತಲ್ಲ?

ಕಡತ ಬರಲಿ, ವರದಿ ಬರಲಿ ಎಂದು ಕಾಯುತ್ತಾ ಕೂರಬೇಡಿ. ‘ಅರ್ಜಿ ಹಾಕುವ ಉದ್ದೇಶವಿದೆ’ ಎಂದು ತಿಳಿಸುವ ಒಂದು ಚಿಕ್ಕ ನಮೂನೆ ಇದೆ, 21-0966. ಇವತ್ತೇ ಅದನ್ನು ಕಳಿಸಿ. ಪೂರ್ತಿ ಅರ್ಜಿ ಹಾಕಲು ಒಂದು ವರ್ಷ ಸಿಗುತ್ತದೆ, ಆದರೆ ಹಣದ ಲೆಕ್ಕ ಇವತ್ತಿನಿಂದಲೇ ಶುರು. ನಿಮ್ಮ ತಂದೆಯವರಿಗೆ ಇನ್ನೊಂದು ಅನುಕೂಲವೂ ಇದೆ. 2017ರ ನಿಯಮ ಬಂದಾಗ ಅವರಿಗೆ ಆಗಲೇ ಕಾಯಿಲೆ ಇತ್ತು. ಅಂಥವರು ಅರ್ಜಿಯ ದಿನದಿಂದ ಒಂದು ವರ್ಷ ಹಿಂದಕ್ಕೂ ಕೇಳಬಹುದು. ಬಾಯಿಬಿಟ್ಟು ಕೇಳಿ, ಅದಾಗಿಯೇ ಕೊಡುತ್ತಾರೆ ಎಂದು ನಂಬಬೇಡಿ. ಕ್ಲೇಮ್ ಒಪ್ಪಿತವಾದ ಮೇಲೆ ಇದೇ ಕಾಯಿಲೆಗೆ ಮೈಸೂರಿನಲ್ಲಿ ಆಗುವ ಆಸ್ಪತ್ರೆ ಖರ್ಚನ್ನೂ ವಿದೇಶದಲ್ಲಿರುವವರಿಗಾಗಿ ಇರುವ ವಿಎ ಯೋಜನೆಯಡಿ ಕೇಳಬಹುದು. ಬಿಲ್ಲುಗಳನ್ನು ಎಸೆಯಬೇಡಿ.

ಪ್ರಶ್ನೆ: ನಾನು ಶಿವಮೊಗ್ಗದವಳು, ಮದುವೆಯಾಗಿ ಷಾರ್ಲೆಟ್‌ನಲ್ಲಿದ್ದೇನೆ. ಮಾವ ಮರೀನ್ ಆಗಿದ್ದರು. 1970ರ ದಶಕದಲ್ಲಿ ಕುಟುಂಬ ಟರಾವಾ ಟೆರೇಸ್‌ನಲ್ಲಿತ್ತು. ಮಾವ 2009ರಲ್ಲಿ ಕಿಡ್ನಿ ಕ್ಯಾನ್ಸರ್‌ನಿಂದ ಹೋದರು. ಈಗ ಅತ್ತೆಗೆ ಸ್ತನ ಕ್ಯಾನ್ಸರ್. ಸೈನಿಕರಲ್ಲದವರಿಗೂ ಏನಾದರೂ ಇದೆಯೇ?

ನಿಮ್ಮ ಅತ್ತೆಯವರಿಗೆ ಎರಡು ಹಕ್ಕುಗಳಿವೆ. ಎರಡೂ ಬೇರೆಬೇರೆ ಅರ್ಜಿ.

ಒಂದು, ಅವರದೇ ಕಾಯಿಲೆಗೆ. ಕುಟುಂಬದವರಿಗೆ ತಿಂಗಳ ಪರಿಹಾರ ಸಿಗುವುದಿಲ್ಲ, ಚಿಕಿತ್ಸೆಯ ಖರ್ಚು ಸಿಗುತ್ತದೆ. 2012ರಲ್ಲಿ ಬಂದ ಈ ಕಾನೂನಿಗೆ ಜೇನಿ ಎನ್ಸ್‌ಮಿಂಗರ್ ಎಂಬ ಬಾಲಕಿಯ ಹೆಸರಿದೆ. 1985ರಲ್ಲಿ ರಕ್ತ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಅವಳ ತಂದೆ ಜೆರ್ರಿ ಎನ್ಸ್‌ಮಿಂಗರ್ ಮರೀನ್ ಪಡೆಯಲ್ಲೇ ಇದ್ದವರು. ನಿವೃತ್ತರಾದ ಮೇಲೆ ತಮ್ಮದೇ ಪಡೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಈ ಪಟ್ಟಿಯಲ್ಲಿ 15 ಕಾಯಿಲೆಗಳಿವೆ, ಸ್ತನ ಕ್ಯಾನ್ಸರ್ ಸೇರಿದೆ. ಮೊದಲು ಅವರ ಇನ್ಶೂರೆನ್ಸ್ ಕೊಡಬೇಕು, ಉಳಿದದ್ದನ್ನು ವಿಎ ಕೊಡುತ್ತದೆ. ನಮೂನೆ 10-10068. ಮದುವೆಯ ಪ್ರಮಾಣ ಪತ್ರ ಮತ್ತು 30 ದಿನ ಅಲ್ಲಿ ವಾಸವಿದ್ದದ್ದಕ್ಕೆ ದಾಖಲೆ ಬೇಕು. ಅರ್ಜಿಗಿಂತ ಹಿಂದಿನ ಎರಡು ವರ್ಷದ ಖರ್ಚನ್ನೂ ಕೇಳಬಹುದು.

ಎರಡು, ಮಾವನವರ ಸಾವಿಗೆ. ಕಿಡ್ನಿ ಕ್ಯಾನ್ಸರ್ ಆ ಎಂಟರ ಪಟ್ಟಿಯಲ್ಲಿದೆ. ಹಾಗಾಗಿ ಅವರ ಪತ್ನಿಗೆ ತಿಂಗಳ ಜೀವನಾಧಾರ ಭತ್ಯೆ ಸಿಗಬೇಕು. 2025ರಲ್ಲಿ ಅದು 1,653.07 ಡಾಲರ್ ಇತ್ತು. ನಮೂನೆ 21ಪಿ-534ಇಝಡ್. ಮರಣ ಪ್ರಮಾಣ ಪತ್ರವನ್ನೊಮ್ಮೆ ತೆಗೆದು ನೋಡಿ. ಸಾವಿನ ಕಾರಣದಲ್ಲಿ ಬರೀ ‘ಹೃದಯ ಸ್ತಂಭನ’ ಎಂದಿದ್ದರೆ ಕ್ಯಾನ್ಸರ್ ಚಿಕಿತ್ಸೆಯ ಹಳೆಯ ಕಡತ ಬೇಕಾಗುತ್ತದೆ. ಆಸ್ಪತ್ರೆಗಳು ಹಳೆಯ ಕಡತಗಳನ್ನು ಕೊನೆಯವರೆಗೆ ಇಟ್ಟುಕೊಳ್ಳುವುದಿಲ್ಲ, ಅದನ್ನೇ ಮೊದಲು ಕೇಳಿ.

ಪ್ರಶ್ನೆ: ನನ್ನ ಗಂಡ 1984ರಲ್ಲಿ ನ್ಯೂ ರಿವರ್ ವಾಯುನೆಲೆಯಲ್ಲಿದ್ದರು. ಮೂತ್ರಕೋಶದ ಕ್ಯಾನ್ಸರ್‌ಗೆ 2013ರಲ್ಲಿ ಹಾಕಿದ ಕ್ಲೇಮ್ ತಿರಸ್ಕಾರವಾಯಿತು. ಈಗ ಒಂದು ಕಂಪನಿಯವರು ಫೋನ್ ಮಾಡಿ, ಕ್ಲೇಮ್ ಪಾಸ್ ಮಾಡಿಸುತ್ತೇವೆ, ಹೆಚ್ಚಾಗುವ ತಿಂಗಳ ಹಣದ ಐದು ಪಟ್ಟು ಕೊಡಿ ಅನ್ನುತ್ತಿದ್ದಾರೆ. ಕೊಡಬಹುದೇ? (ಕೇರಿ, ನಾರ್ತ್ ಕ್ಯಾರೊಲಿನಾ)

ಒಂದು ಡಾಲರೂ ಕೊಡಬೇಡಿ. ಮೊದಲ ಕ್ಲೇಮ್ ಸಿದ್ಧಪಡಿಸಿಕೊಡಲು ಯಾರೂ ಶುಲ್ಕ ತೆಗೆದುಕೊಳ್ಳುವಂತಿಲ್ಲ. ತಿರಸ್ಕಾರವಾದ ಮೇಲೆ ವಿಎ ಮಾನ್ಯತೆ ಪಡೆದ ವಕೀಲರು ಅಥವಾ ಏಜೆಂಟರು ತೆಗೆದುಕೊಳ್ಳಬಹುದು. ಅದೂ ಬಾಕಿ ಹಣದ ಶೇ 20ರವರೆಗೆ ಇದ್ದರೆ ನ್ಯಾಯವಾದ ಶುಲ್ಕ ಎಂದು ಲೆಕ್ಕ. ಮುಂದೆ ಬರುವ ತಿಂಗಳ ಹಣದ ಇಷ್ಟು ಪಟ್ಟು ಎಂದು ಕೇಳುವವರ ಹತ್ತಿರ ಆ ಮಾನ್ಯತೆ ಇರುವುದು ನಾನಂತೂ ಕಂಡಿಲ್ಲ. ವಿಎ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದವರ ಪಟ್ಟಿ ಇದೆ, ಹೆಸರು ಹಾಕಿ ನೋಡಿ. ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯು, ಡಿಎವಿ ಎಂಬ ಮಾಜಿ ಸೈನಿಕರ ಸಂಘಟನೆಗಳ ಪ್ರತಿನಿಧಿಗಳು ಇದೇ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾರೆ.

ನ್ಯೂ ರಿವರ್ ಕೂಡ ಕ್ಯಾಂಪ್ ಲೆಜೂನ್ ಲೆಕ್ಕಕ್ಕೇ ಸೇರುತ್ತದೆ. 2013ರಲ್ಲಿ ಎಂಟು ಕಾಯಿಲೆಯ ನಿಯಮ ಇರಲಿಲ್ಲ, ಈಗ ಇದೆ. ನಮೂನೆ 20-0995ರಲ್ಲಿ ಪೂರಕ ಕ್ಲೇಮ್ ಹಾಕಿದರಾಯಿತು.

ಒಂದು ಕಿವಿಮಾತು. ಕ್ಯಾನ್ಸರ್ ಸಕ್ರಿಯವಾಗಿರುವಾಗ ಶೇ 100 ಕೊಡುತ್ತಾರೆ. ಚಿಕಿತ್ಸೆ ಮುಗಿದು ಆರು ತಿಂಗಳಾದ ಮೇಲೆ ಪರೀಕ್ಷೆ. ಕ್ಯಾನ್ಸರ್ ಮರಳಿ ಬಂದಿಲ್ಲ ಎಂದಾದರೆ ಉಳಿದಿರುವ ತೊಂದರೆಯ ಮೇಲೆ ಲೆಕ್ಕ. ರಾತ್ರಿ ಐದು ಸಲ ಅಥವಾ ಅದಕ್ಕಿಂತ ಜಾಸ್ತಿ ಮೂತ್ರಕ್ಕೆ ಏಳುತ್ತಿದ್ದರೆ ಶೇ 40. ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಪ್ಯಾಡ್ ಬದಲಿಸಬೇಕಾದರೆ ಶೇ 60. ಗಂಡಸರು ಇದನ್ನು ಹೇಳಲು ನಾಚಿಕೊಂಡು, ಪರೀಕ್ಷೆಯ ದಿನ ‘ಪರವಾಗಿಲ್ಲ ಡಾಕ್ಟ್ರೇ, ಚೆನ್ನಾಗಿದ್ದೀನಿ’ ಎಂದು ಬಂದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಪರೀಕ್ಷೆಗೆ ನೀವೂ ಜೊತೆಗೆ ಹೋಗಿ.

ಪ್ರಶ್ನೆ: ಮಗ ನೌಕಾಪಡೆಯಲ್ಲಿದ್ದಾನೆ. 2021ರ ನವೆಂಬರ್‌ನಲ್ಲಿ ಪರ್ಲ್ ಹಾರ್ಬರ್‌ನಲ್ಲಿದ್ದ. ನಲ್ಲಿ ನೀರಿನಲ್ಲಿ ಸೀಮೆಎಣ್ಣೆ ವಾಸನೆ ಬರುತ್ತಿದೆ ಅಂದಿದ್ದ. ಆಮೇಲೆ ಚರ್ಮದ ತೊಂದರೆ ಶುರುವಾಗಿದೆ. ಅವನಿಗೂ ಈ ಸೌಲಭ್ಯ ಇದೆಯೇ? (ಸ್ಯಾನ್ ಹೋಸೆ)

ಅದೇ ಸೌಲಭ್ಯ ಇಲ್ಲ, ಆದರೆ ದಾರಿ ಇದೆ. ಅವನು ಹೇಳಿದ್ದು ರೆಡ್ ಹಿಲ್ ಪ್ರಕರಣ. ಎರಡನೇ ಮಹಾಯುದ್ಧದ ಕಾಲದ ಇಂಧನ ಟ್ಯಾಂಕುಗಳು, ಕುಡಿಯುವ ನೀರಿನ ಅಂತರ್ಜಲದಿಂದ ಸುಮಾರು ನೂರು ಅಡಿ ಮೇಲೆ. ಅಲ್ಲಿಂದ ಜೆಟ್ ಇಂಧನ ಸೋರಿ ನೀರಿಗೆ ಸೇರಿತು. 2022ರ ಮಾರ್ಚ್‌ನಲ್ಲಿ ಆ ಘಟಕವನ್ನೇ ಮುಚ್ಚಲು ಆದೇಶವಾಯಿತು. ಆದರೆ ಎಂಟು ಕಾಯಿಲೆಯಂಥ ಪಟ್ಟಿ ರೆಡ್ ಹಿಲ್‌ಗೆ ಇಲ್ಲ. ಬೆಂಕಿ ನಂದಿಸುವ ನೊರೆಯಿಂದ ಪಿಎಫ್‌ಎಎಸ್ ರಾಸಾಯನಿಕ ನೀರಿಗೆ ಸೇರಿದ ಬೇರೆ ವಾಯುನೆಲೆಗಳ ಕಥೆಯೂ ಇಷ್ಟೇ.

ಇಂಥ ಕಡೆ ಮೂರು ವಿಷಯ ತೋರಿಸಬೇಕು: ಈಗ ಕಾಯಿಲೆ ಇದೆ, ಸೇವೆಯಲ್ಲಿದ್ದಾಗ ಆ ನೀರು ಬಳಸಿದ್ದು ನಿಜ, ಎರಡಕ್ಕೂ ಸಂಬಂಧ ಇರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಎಂದು ಡಾಕ್ಟರ್ ಕಾರಣ ಸಮೇತ ಬರೆಯಬೇಕು. ನಿಮ್ಮ ಮಗ ಇನ್ನೂ ಸೇವೆಯಲ್ಲಿರುವುದೇ ದೊಡ್ಡ ಅನುಕೂಲ. ಈಗಲೇ ಸೇನಾ ವೈದ್ಯರ ಹತ್ತಿರ ಹೋಗಿ, ರೆಡ್ ಹಿಲ್ ನೀರು ಬಳಸಿದ್ದೆ, ಇಂಥ ತಿಂಗಳಿಂದ ಚರ್ಮದ ತೊಂದರೆ ಎಂದು ಕಡತದಲ್ಲಿ ಬರೆಸಲಿ. ಸಣ್ಣ ವಯಸ್ಸು, ತುರಿಕೆಗೆಲ್ಲ ಯಾರು ಡಾಕ್ಟರ್ ಹತ್ತಿರ ಹೋಗುತ್ತಾರೆ ಅನ್ನುತ್ತಾನೆ. ಕಳಿಸಿ. ಸೇವೆ ಬಿಡುವ 180ರಿಂದ 90 ದಿನ ಮುಂಚೆಯೇ ಕ್ಲೇಮ್ ಹಾಕಲು ಅವಕಾಶವೂ ಇದೆ.

ಪ್ರಶ್ನೆ: ನಾನು ಭಾರತೀಯ ಸೇನೆಯಿಂದ ನಿವೃತ್ತನಾದವನು. ನಮ್ಮಲ್ಲಿ ಇಂಥ ನಿಯಮ ಇದೆಯೇ? (ಮಡಿಕೇರಿ)

ನೀರಿಗೆಂದೇ ಇರುವ ಪಟ್ಟಿ ನಮ್ಮಲ್ಲಿಲ್ಲ. ಕಾಯಿಲೆ ಸೇವೆಯಿಂದ ಬಂದಿರಬೇಕು ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು, ಇದೇ ಅಳತೆ. ಧರ್ಮವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಮಗೆ ನೆರವಾಗಬಹುದು. ಸೇರುವಾಗಿನ ವೈದ್ಯಕೀಯ ದಾಖಲೆಯಲ್ಲಿ ಕಾಯಿಲೆ ಇಲ್ಲದೆ, ಆಮೇಲೆ ಅದೇ ಕಾಯಿಲೆಯ ಕಾರಣ ಸೇವೆಯಿಂದ ಬಿಡಿಸಿದ್ದರೆ, ಅದು ಸೇವೆಯಿಂದ ಬಂದದ್ದಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು. 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ಬಂದಿದೆ. ನೀವು ನಿವೃತ್ತರಾದ ದಿನಾಂಕ ಅದಕ್ಕಿಂತ ಮುಂಚಿನದೋ ನಂತರದ್ದೋ ಎಂಬುದು ಮುಖ್ಯ. ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿ ಹಿಡಿದುಕೊಂಡು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಇಲಾಖೆಯ ಮೇಲ್ಮನವಿಗಳಲ್ಲಿ ಆಗದಿದ್ದರೆ ಮುಂದಿನದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರು ಅದರ ಕೊಚ್ಚಿ ಪೀಠಕ್ಕೆ ಹೋಗಬೇಕು.