ಕೆಂಪು ಮಾತ್ರೆ ತಟ್ಟೆ ಕೆಳಗೆ ಯಾಕೆ?

ಪ್ರಶ್ನೆ: ನಮ್ಮದು ಕುಣಿಗಲ್ ಕಡೆಯ ಇರುಳಿಗರ ಕಾಲೋನಿ. ನಾದಿನಿ 5 ತಿಂಗಳ ಗರ್ಭಿಣಿ, ಹಿಮೋಗ್ಲೋಬಿನ್ 8 ಇದೆಯಂತೆ. ಆಶಾ ಅಕ್ಕ ಕೊಟ್ಟ ಕಬ್ಬಿಣಾಂಶದ ಕೆಂಪು ಮಾತ್ರೆ ತಿಂದರೆ ವಾಕರಿಕೆ, ಮಲ ಕಪ್ಪಗಾಗುತ್ತೆ ಅಂತ ತಟ್ಟೆ ಕೆಳಗೆ ಬಚ್ಚಿಡುತ್ತಾಳೆ. ಮೂರು ಹೊತ್ತೂ ಮುದ್ದೆ ತಿಂತಾಳೆ, ಸಾಲದಾ?

ಉತ್ತರ: ಮುದ್ದೆ ಬಿಡಬೇಡಿ. ಆದರೆ ರಾಗಿಯಲ್ಲಿ ಜಾಸ್ತಿ ಇರೋದು ಕ್ಯಾಲ್ಸಿಯಂ, ಕಬ್ಬಿಣ ಅಷ್ಟಿಲ್ಲ, ಹಾಗಾಗಿ ಬರೀ ಮುದ್ದೆಯಿಂದ ರಕ್ತ ಏರೋದಿಲ್ಲ. ಗರ್ಭಿಣಿಗೆ 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ, 8 ಅಂದರೆ ಸುಮ್ನೆ ಕೂರೋ ಲೆಕ್ಕವಲ್ಲ. ದಿನಕ್ಕೆ ಎಷ್ಟು ಮಾತ್ರೆ ಅಂತ ಆಸ್ಪತ್ರೆಯಲ್ಲೇ ಕೇಳಿ, ಯಾಕಂದರೆ ರಕ್ತ ಇಷ್ಟು ಇಳಿದಾಗ ಡೋಸ್ ಬೇರೆ ಇರುತ್ತದೆ.

ಮಲ ಕಪ್ಪಗಾಗೋದು ಕಬ್ಬಿಣದಿಂದ, ಹೆದರಬೇಡಿ. ವಾಕರಿಕೆ ಇದ್ದರೆ ರಾತ್ರಿ ಊಟ ಆದ ಮೇಲೆ ಮಾತ್ರೆ ತಗೊಂಡು ಮಲಗಲಿ. ಟೀ ಮಾತ್ರ ಒಂದು ಗಂಟೆ ದೂರ ಇಡಿ, ನಮ್ಮ ಕಡೆ ಊಟಕ್ಕಿಂತ ಟೀ ಜಾಸ್ತಿ ಅಲ್ವಾ! ಕ್ಯಾಲ್ಸಿಯಂ ಮಾತ್ರೆಯನ್ನೂ ಕೆಂಪು ಮಾತ್ರೆ ಜೊತೆ ನುಂಗಬಾರದು.

ಬೇಲಿ ಅಂಚಿನ ಅಣ್ಣೆಸೊಪ್ಪು, ನುಗ್ಗೆಸೊಪ್ಪು ತಂದು ಹುರುಳಿ ಬಸ್ಸಾರು ಮಾಡಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಕೋಳಿ, ಮೀನು ಮಾಡಿದ ದಿನ ಅವಳಿಗೂ ಮೊದಲೇ ಒಂದು ಪಾಲು ಎತ್ತಿಡಿ, ಎಲ್ಲರೂ ಉಂಡ ಮೇಲೆ ಬರೀ ಸಾರು ಉಳಿಸೋದಲ್ಲ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಮಧ್ಯಾಹ್ನ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ, ಹೆಸರು ಬರೆಸಿದ್ದೀರಾ?